ಸರ್ಕಾರದ ಹಣ ಯಾರ ಹಣ?

(ಚಿಂತಾಮಣಿ ಬ್ಲಾಕಿನ ರೈತರ ಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಈ ಹೊತ್ತು ನಾನು ಬೀಜೋಪಚಾರದ ಮಾತನ್ನಾಗಲಿ, ಹಿಪ್ಪುನೇರಳೆ ಗಿಡದ ರೋಗದ ಮಾತನ್ನಾಗಲಿ ಎತ್ತುವುದಿಲ್ಲ. ಸರ್ಕಾರದ ಆಯವ್ಯಯದ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಬಂದಿದ್ದೇನೆ. ವ್ಯವಸಾಯದ ಡಿಪ್ಲೊಮಾ ಓದಿದವನಿಗೆ ಈ ಉಸಾಬರಿ ಏತಕ್ಕೆ ಎಂದು ನೀವು ಕೇಳಬಹುದು. ಕಾರಣ ಇಷ್ಟೆ. ನಾನು ಯಾವ ಊರಿಗೆ ಹೋಗಲಿ, ಯಾವ ಯೋಜನೆಯ ಕಾಗದ ಹಿಡಿದುಕೊಂಡು ಹೋಗಲಿ, ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ. "ಸರ್ಕಾರ ಕೊಡ್ತದೆ ಸ್ವಾಮಿ, ನಮ್ಮ ಗಂಟೇನು ಹೋಗ್ತದೆ?" ಎನ್ನುತ್ತಾರೆ. ನಮ್ಮ ಗಂಟು ಎಷ್ಟು ಹೋಗುತ್ತದೆ, ಯಾವ ದಾರಿಯಲ್ಲಿ ಹೋಗುತ್ತದೆ, ಹೋದದ್ದರಲ್ಲಿ ಎಷ್ಟು ನಮ್ಮ ಹೊಲಕ್ಕೆ ಹಿಂದಿರುಗುತ್ತದೆ ಎಂಬುದನ್ನು ಇವತ್ತು ಕೂತು ಲೆಕ್ಕ ಹಾಕೋಣ. ಯಾವ ಪಕ್ಷವನ್ನೂ ಹೊಗಳುವುದಕ್ಕೆ ನಾನು ಬಂದಿಲ್ಲ, ತೆಗಳುವುದಕ್ಕೂ ಬಂದಿಲ್ಲ. ನಾನು ಹೇಳುವ ಸಂಗತಿಗಳನ್ನು ಎಲ್ಲ ಪಕ್ಷದವರೂ ಸರದಿಯಂತೆ ಮಾಡಿದ್ದಾರೆ.

ಮೊದಲು ದೊಡ್ಡ ಲೆಕ್ಕ. 2025-26ರ ಸಾಲಿಗೆ ನಮ್ಮ ರಾಜ್ಯದ ಆಯವ್ಯಯ 4,09,549 ಕೋಟಿ ರೂಪಾಯಿ ಎಂದು 2025ರ ಮಾರ್ಚ್ 7ರಂದು ವಿಧಾನಸಭೆಯಲ್ಲಿ ಮಂಡಿಸಿದರು. ಕೋಟಿಯ ಲೆಕ್ಕ ನಮ್ಮ ಮನಸ್ಸಿಗೆ ಹತ್ತುವುದಿಲ್ಲ. ಆದ್ದರಿಂದ ಅದನ್ನು ಒಡೆಯೋಣ. ರಾಜ್ಯದ ಜನ ಏಳು ಕೋಟಿ ಎಂದೇ ಹಿಡಿದರೂ ತಲೆಗೆ 58,500 ರೂಪಾಯಿ ಬೀಳುತ್ತದೆ. ಐದು ಜನರಿರುವ ಮನೆಯ ಪಾಲು ವರ್ಷಕ್ಕೆ 2,92,500 ರೂಪಾಯಿ. ಇಲ್ಲಿ ಕೂತಿರುವವರಲ್ಲಿ ಎರಡೆಕರೆ ಖುಷ್ಕಿ ಜಮೀನು ಇಟ್ಟುಕೊಂಡು ರಾಗಿ, ನೆಲಗಡಲೆ ಬೆಳೆಯುವವರು ಎಷ್ಟೋ ಮಂದಿ ಇದ್ದೀರಿ. ನಿಮ್ಮ ಮನೆಯ ಹೆಸರಿನಲ್ಲಿ ಒಂದು ವರ್ಷಕ್ಕೆ ಇಷ್ಟು ದುಡ್ಡು ಖರ್ಚಾಯಿತು ಎಂದರೆ ನೀವು ನಂಬುವಿರಾ? ರಸ್ತೆ, ಶಾಲೆ, ಆಸ್ಪತ್ರೆ, ಪೊಲೀಸು, ನನ್ನಂಥವರ ಸಂಬಳ, ನಿವೃತ್ತರ ಪಿಂಚಣಿ, ಹಳೆಯ ಸಾಲದ ಬಡ್ಡಿ, ಎಲ್ಲವೂ ಅದರಲ್ಲಿಯೇ ಸೇರಿದೆ ಎಂಬುದು ನಿಜ. ಆದರೂ ಲೆಕ್ಕ ಕೇಳದೆ ಬಿಡುವ ಮೊತ್ತ ಅದಲ್ಲ.

ಅದೇ ಆಯವ್ಯಯದಲ್ಲಿ 1,16,000 ಕೋಟಿ ರೂಪಾಯಿ ಸಾಲ ತರುವುದಾಗಿ ಬರೆದಿದ್ದರು. ಅಂದರೆ ಖರ್ಚು ಮಾಡುವ ಪ್ರತಿ ನೂರು ರೂಪಾಯಿಯಲ್ಲಿ 28 ರೂಪಾಯಿ ಕಡದ ದುಡ್ಡು. ಮಗಳ ಮದುವೆಗೆ ಸಾಲ ಮಾಡಿದವರಿಗೆ, ಬೋರು ಕೊರೆಸಲು ಸಾಲ ಮಾಡಿದವರಿಗೆ ಸಾಲವೆಂದರೆ ಏನೆಂದು ನಾನು ವಿವರಿಸಬೇಕಾಗಿಲ್ಲ. ನಮ್ಮ ಸಾಲಕ್ಕೆ ನಾವೇ ಸಹಿ ಹಾಕುತ್ತೇವೆ. ಸರ್ಕಾರದ ಸಾಲಕ್ಕೆ ಸಹಿ ಹಾಕುವವರು ಒಬ್ಬರು, ತೀರಿಸುವವರು ಈಗ ತೊಟ್ಟಿಲಲ್ಲಿರುವವರು.

ಇನ್ನು ಈ ಹಣ ಎಲ್ಲಿಂದ ಬರುತ್ತದೆ? ನಮ್ಮ ಹಳ್ಳಿಗಳಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಭೂಕಂದಾಯ ಹೆಸರಿಗೆ ಮಾತ್ರ ಉಳಿದಿದೆ, ವ್ಯವಸಾಯದ ವರಮಾನಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಹೀಗಿರುವಾಗ ತೆರಿಗೆ ಕಟ್ಟುವವರು ಬೆಂಗಳೂರಿನವರು, ನಾವಲ್ಲ ಎಂಬ ಭಾವನೆ. ಇದು ಸರಿಯಲ್ಲ. ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸುತ್ತೀರಿ. ಡೀಸೆಲ್ ಮೇಲೆ ರಾಜ್ಯದ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇಕಡಾ 18.44ಕ್ಕೆ ಏರಿತು, 2025ರ ಏಪ್ರಿಲ್ 1ರಿಂದ ಶೇಕಡಾ 21.17 ಆಯಿತು. ಕೇಂದ್ರದ ಅಬಕಾರಿ ಸುಂಕ ಅದಕ್ಕೆ ಬೇರೆ. ನೀವು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಉಳುಮೆ ಮಾಡಿಸಿದರೂ ಆ ತೆರಿಗೆ ಬಾಡಿಗೆಯೊಳಗೆ ಕೂತೇ ಬರುತ್ತದೆ. ಟೊಮ್ಯಾಟೊಗೆ ಹೊಡೆಯುವ ರಾಸಾಯನಿಕ ಔಷಧಿಯ ಮೇಲೆ ಶೇಕಡಾ 18 ಜಿ.ಎಸ್.ಟಿ., ಗೊಬ್ಬರದ ಮೇಲೆ ಶೇಕಡಾ 5. ಮನೆ ಕಟ್ಟುವ ಸಿಮೆಂಟಿನ ಮೇಲೆ ಶೇಕಡಾ 28 ಇತ್ತು, 2025ರ ಸೆಪ್ಟೆಂಬರ್ 22ರಿಂದ 18 ಆಯಿತು. ಅದೇ ದಿನದಿಂದ ಟ್ರ್ಯಾಕ್ಟರಿಗೂ ಹನಿ ನೀರಾವರಿ ಸಾಮಗ್ರಿಗೂ 12ರಿಂದ 5ಕ್ಕೆ ಇಳಿಸಿದರು. ಇಳಿಸಿದ್ದು ಒಳ್ಳೆಯದಾಯಿತು. ಆದರೆ ಇಳಿದ ಮೇಲೆ ತಾನೆ, ಅಷ್ಟು ದಿನ ಎಷ್ಟು ಕೊಡುತ್ತಿದ್ದೆವು ಎಂದು ನಮಗೆ ಗೊತ್ತಾದದ್ದು! ಜಮೀನು ನೋಂದಣಿ, ಬೈಕಿನ ತೆರಿಗೆ, ಸಂಜೆ ಕೆಲವರು ಹೋಗುವ ಅಂಗಡಿಯ ಅಬಕಾರಿ, ಇವೆಲ್ಲ ಸೇರಿದರೆ ಹಳ್ಳಿಯವನು ಕಟ್ಟುವ ತೆರಿಗೆ ಸಣ್ಣದೇನಲ್ಲ. ರಸೀದಿ ಕೊಡದೆ ವಸೂಲಾಗುವುದರಿಂದ ಅದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಆದ್ದರಿಂದ ಪುಕ್ಕಟೆ ಎಂದು ಯಾವುದನ್ನಾದರೂ ಕೊಟ್ಟಾಗ ನಾವು ಕೇಳಬೇಕಾದ ಪ್ರಶ್ನೆ ಬೇರೆ. ಕೊಡುವುದು ನಮ್ಮ ಹಣವೇ ಎಂದ ಮೇಲೆ, ಅದು ಹೋಗಿ ಬರುವ ದಾರಿಯಲ್ಲಿ ಎಷ್ಟು ಸವೆಯಿತು? ನಮ್ಮಲ್ಲಿ ಯಾರಿಂದ ಹೋಗಿ ಯಾರಿಗೆ ಸೇರಿತು? ಬರುವಾಗ ಇನ್ನೇನನ್ನು ಕೆಡಿಸಿಕೊಂಡು ಬಂತು? ಇದಕ್ಕೆ ನಮ್ಮ ಚಿಂತಾಮಣಿ ಸೀಮೆಯಲ್ಲಿ ಪಂಪ್‌ಸೆಟ್ಟಿನ ಕರೆಂಟಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಈ ಮಾತು ಕೆಲವರಿಗೆ ಹಿಡಿಸಲಾರದು. ಆದರೂ ಪೂರ್ತಿ ಕೇಳಿ, ಆಮೇಲೆ ಬೈಯಿರಿ.

2008ರ ಆಗಸ್ಟ್ 1ರಿಂದ ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ಕರೆಂಟು ಉಚಿತ. ಅದರ ಬೆಲೆಯನ್ನು ರಾಜ್ಯ ಸರ್ಕಾರ ವಿದ್ಯುತ್ ಕಂಪನಿಗಳಿಗೆ ಸಹಾಯಧನವಾಗಿ ಕಟ್ಟುತ್ತದೆ. ರಾಜ್ಯದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್ಟುಗಳಿವೆ, ಸಹಾಯಧನ ವರ್ಷಕ್ಕೆ ಹತ್ತು ಸಾವಿರ ಕೋಟಿಯನ್ನು ಮೀರಿದೆ. ಹೆಚ್ಚಿನ ಪಂಪ್‌ಸೆಟ್ಟುಗಳಿಗೆ ಮೀಟರಿಲ್ಲ, ಯಾರು ಎಷ್ಟು ಸುಟ್ಟರು ಎಂಬುದು ಅಂದಾಜಿನ ಲೆಕ್ಕ.

ಒಂದು ಪಂಪ್‌ಸೆಟ್ಟಿನ ಲೆಕ್ಕ ಮಾಡೋಣ. ಹತ್ತು ಅಶ್ವಶಕ್ತಿಯ ಮೋಟಾರು ಗಂಟೆಗೆ ಏಳೂವರೆ ಯೂನಿಟ್ಟಿನಷ್ಟು ಕರೆಂಟು ತಿನ್ನುತ್ತದೆ. ದಿನಕ್ಕೆ ಏಳು ಗಂಟೆ, ವರ್ಷಕ್ಕೆ 200 ದಿವಸ ಓಡಿತು ಎನ್ನಿ, 10,500 ಯೂನಿಟ್ಟಾಯಿತು. ಯೂನಿಟ್ಟಿಗೆ 7 ರೂಪಾಯಿಯಂತೆ ಹಿಡಿದರೆ 73,500 ರೂಪಾಯಿ. ಇದು ಒಂದು ಬೋರಿಗೆ. ಮೂರು ಬೋರು ಇರುವವರಿಗೆ ಇದರ ಮೂರರಷ್ಟು. (ಪುಸ್ತಕದಲ್ಲಿ ಹತ್ತು ಅಶ್ವಶಕ್ತಿ, ಕೊಳವೆಯೊಳಗೆ ಹದಿನೈದು ಎಂಬುದನ್ನು ನಾನು ಇಲ್ಲಿ ಎತ್ತುವುದಿಲ್ಲ, ನಿಮಗೇ ಗೊತ್ತು.) ಈಗ ಪಕ್ಕದ ಹೊಲದವರನ್ನು ನೋಡಿ. ಅವರದು ಖುಷ್ಕಿ. ಬೋರಿಲ್ಲ, ಹಾಕಿಸುವ ಶಕ್ತಿಯೂ ಇಲ್ಲ. ಮಳೆ ಬಂದರೆ ರಾಗಿ, ಇಲ್ಲದಿದ್ದರೆ ಕೂಲಿ. ಅವರಿಗೆ ಈ ಬಾಬಿನಲ್ಲಿ ಸೇರಿದ್ದು ಸೊನ್ನೆ. ಆದರೆ ಅವರೂ ಸಿಮೆಂಟು ಕೊಂಡಿದ್ದಾರೆ, ಬಾಡಿಗೆ ಟ್ರ್ಯಾಕ್ಟರಿನಲ್ಲಿ ಉತ್ತಿದ್ದಾರೆ, ತೆರಿಗೆ ಕೊಟ್ಟಿದ್ದಾರೆ. ಬಡವನ ಹೆಸರಿನಲ್ಲಿ ತಂದ ಯೋಜನೆಯಲ್ಲಿ ಬೋರಿಲ್ಲದ ಬಡವನು ಬೋರಿರುವವನಿಗೆ ಕರೆಂಟಿನ ದುಡ್ಡು ಕಟ್ಟುತ್ತಿದ್ದಾನೆ. ಈ ಅನ್ಯಾಯವನ್ನು ಯಾವ ಭಾಷಣದಲ್ಲೂ ನಾನು ಕೇಳಿಲ್ಲ.

ಬೋರಿರುವವರಿಗಾದರೂ ಸುಖವಾಯಿತೆ? ನಮ್ಮದು ನದಿಯಿಲ್ಲದ ಸೀಮೆ. ನಮ್ಮ ಹಿರಿಯರು ಕೆರೆ ಕಟ್ಟಿ, ಕುಂಟೆ ತೋಡಿ, ತೆರೆದ ಬಾವಿಯಲ್ಲಿ ಕಪಿಲೆ ಹೊಡೆದು ಬದುಕಿದರು. ಇಂದು ಸಾವಿರ ಅಡಿ ದಾಟಿದರೂ ನೀರಿನ ಭರವಸೆಯಿಲ್ಲ. ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳು ಅಂತರ್ಜಲವನ್ನು ಅತಿಯಾಗಿ ಬಳಸಿದ ಜಿಲ್ಲೆಗಳೆಂದು ಸರ್ಕಾರದ ಪಟ್ಟಿಗಳಲ್ಲೇ ಇವೆ. ಆಳದಿಂದ ಬರುವ ನೀರಿನಲ್ಲಿ ಫ್ಲೋರೈಡು. ಮಳೆಯಿಂದ ನೆಲದೊಳಕ್ಕೆ ಇಳಿಯುವುದಕ್ಕಿಂತ ನಾವು ಮೇಲೆತ್ತುವುದು ಹೆಚ್ಚಾದರೆ ಹೀಗಲ್ಲದೆ ಹೇಗಾದೀತು? ಎತ್ತುವುದಕ್ಕೆ ಕಾಸು ಖರ್ಚಿಲ್ಲದಿದ್ದರೆ ಯಾರು ತಾನೆ ಕೈ ಬಿಗಿ ಹಿಡಿಯುತ್ತಾರೆ? ನಾನು ಉಳಿಸಿದ ನೀರನ್ನು ಪಕ್ಕದವರ ಮೋಟಾರು ಎಳೆಯುತ್ತದೆ ಎಂದು ಗೊತ್ತಿದ್ದ ಮೇಲೆ ಉಳಿಸುವವನೇ ಬೆಪ್ಪನಾಗುತ್ತಾನೆ. ಹಾಗಾಗಿ ಎಲ್ಲರೂ ಆಟೋ ಸ್ಟಾರ್ಟರು ಹಾಕಿ ಮಲಗಿಕೊಳ್ಳುತ್ತೇವೆ. ಕರೆಂಟು ರಾತ್ರಿ ಎರಡಕ್ಕೆ ಬಂದರೆ ಎರಡಕ್ಕೆ ಮೋಟಾರು ಏಳುತ್ತದೆ. ಬದುವಿನ ಮೇಲೆ ನೀರು ಹರಿದರೂ ಕೇಳುವವರಿಲ್ಲ. ಇದು ರೈತನ ಕೆಟ್ಟತನವಲ್ಲ. ಬೆಲೆಯಿಲ್ಲದ ವಸ್ತುವಿನ ಮುಂದೆ ಬೆಂಗಳೂರಿನ ದೊಡ್ಡ ಮನುಷ್ಯನೂ ಹೀಗೆಯೇ ನಡೆಯುತ್ತಾನೆ.

ಆಮೇಲೆ ಉಚಿತ ಎಂದದ್ದರ ಬೆಲೆಯನ್ನು ನಾವು ಬೇರೆ ಕಡೆ ಕಟ್ಟುತ್ತೇವೆ. ಅಡಿಗೆ ನೂರೇ ರೂಪಾಯಿ ಎಂದು ಹಿಡಿದರೂ 1,200 ಅಡಿಯ ಒಂದು ಬೋರು ಕೊರೆಯುವುದಕ್ಕೆ 1,20,000 ರೂಪಾಯಿ ಬೇಕು. ಕೇಸಿಂಗು, ಪೈಪು, ಕೇಬಲ್ಲು, ಮೋಟಾರು ಬೇರೆ. ನೀರು ಬಾರದಿದ್ದರೆ ಆ ದುಡ್ಡು ಧೂಳಾಗಿ ಹಾರಿಹೋಯಿತು. ವರ್ಷಕ್ಕೆ ಎಪ್ಪತ್ತು ಸಾವಿರದ ಕರೆಂಟನ್ನು ಸರ್ಕಾರದಿಂದ ಪಡೆದು, ಮೂರು ವರ್ಷಕ್ಕೊಮ್ಮೆ ಎರಡು ಮೂರು ಲಕ್ಷವನ್ನು ಬೋರಿನ ಲಾರಿಗೆ ಕೊಟ್ಟವರು ಈ ಸಭೆಯಲ್ಲಿಯೇ ಇದ್ದೀರಿ. ವೋಲ್ಟೇಜು ಇಳಿದು ಸುಟ್ಟ ಮೋಟಾರಿನ ರಿವೈಂಡಿಂಗ್ ಖರ್ಚು ಸಹ ಅದರ ಮೇಲೆ ಹಿಡಿಯಿರಿ. ದುಡ್ಡು ಕೊಡುವ ಗಿರಾಕಿಗೆ ಅಂಗಡಿಯವನು ಎದ್ದು ನಿಂತು ಸಾಮಾನು ಕೊಡುತ್ತಾನೆ. ದುಡ್ಡು ಕೊಡದ ಗಿರಾಕಿಗೆ ಸಿಕ್ಕಾಗ ಸಿಕ್ಕಷ್ಟು. ಹಗಲು ಕರೆಂಟು ಕೊಡಿ ಎಂದು ನಾವು ಧರಣಿ ಕೂರುತ್ತೇವೆಯೇ ಹೊರತು ಹಕ್ಕಿನಿಂದ ಕೇಳಲಾರೆವು, ಏಕೆಂದರೆ ಅಲ್ಲಿ ನಾವು ಗಿರಾಕಿಗಳಲ್ಲ, ಫಲಾನುಭವಿಗಳು.

ಹಾಗಾದರೆ ಸಹಾಯವನ್ನು ಕಿತ್ತುಕೊಳ್ಳಬೇಕೆ? ಬೇಡ. ಕೊಡುವ ರೀತಿಯನ್ನು ಬದಲಾಯಿಸಬೇಕು ಎಂಬುದು ನನ್ನ ಮಾತು. ಕರೆಂಟಿಗೆ ಮೀಟರಿರಲಿ, ಬೆಲೆಯಿರಲಿ. ಆ ಬೆಲೆಯಷ್ಟು ಹಣವನ್ನು ಮುಂಚಿತವಾಗಿ ರೈತನ ಖಾತೆಗೆ ಹಾಕಲಿ. ಕಡಿಮೆ ಸುಟ್ಟವನಿಗೆ ಉಳಿದದ್ದು ಅವನದೇ. ಆಗ ಹನಿ ನೀರಾವರಿ ಹಾಕಿಸಿ ಅರ್ಧ ಕರೆಂಟು ಉಳಿಸಿದವನ ಕೈಯಲ್ಲಿ ವರ್ಷಕ್ಕೆ ಮೂವತ್ತಾರು ಸಾವಿರ ಉಳಿಯುತ್ತದೆ. ನೀರು ಉಳಿಸಿ ಎಂದು ನಾನು ಬಂದು ಭಾಷಣ ಮಾಡುವ ಅಗತ್ಯವೇ ಇರುವುದಿಲ್ಲ. ಪಂಜಾಬಿನಲ್ಲಿ 2018ರಲ್ಲಿ ಕೆಲವು ಫೀಡರುಗಳಲ್ಲಿ ಇದೇ ಮಾದರಿಯ ಒಂದು ಯೋಜನೆ ತೆಗೆದರು. ನಿಗದಿಪಡಿಸಿದ್ದಕ್ಕಿಂತ ಕಡಿಮೆ ಬಳಸಿದ ರೈತನಿಗೆ ಉಳಿಸಿದ ಪ್ರತಿ ಯೂನಿಟ್ಟಿಗೆ 4 ರೂಪಾಯಿ ಅವನ ಖಾತೆಗೆ. ಒಪ್ಪಿದವರು ಸೇರಬಹುದು, ಒಪ್ಪದವರು ಮೊದಲಿನಂತೆಯೇ ಇರಬಹುದು. ಬಲವಂತವಿಲ್ಲ. ಗುಜರಾತಿನಲ್ಲಿ 2003ರಿಂದ ಊರಿನ ಲೈನು, ಹೊಲದ ಲೈನು ಬೇರೆ ಮಾಡಿ, ಹೊಲಕ್ಕೆ ಹೊತ್ತು ಗೊತ್ತು ಮಾಡಿ ಒಳ್ಳೆಯ ಕರೆಂಟು ಕೊಟ್ಟರು. ಅಲ್ಲಿ ರೈತ ಅಶ್ವಶಕ್ತಿಗೆ ಇಷ್ಟೆಂದು ದುಡ್ಡು ಕಟ್ಟುತ್ತಾನೆ, ಕಟ್ಟಿದ್ದಕ್ಕೆ ತಕ್ಕ ಕರೆಂಟು ಕೇಳುತ್ತಾನೆ.

ಈ ಮಾತನ್ನು ಒಂದು ಊರಿನ ಅರಳಿಕಟ್ಟೆಯಲ್ಲಿ ಆಡಿದಾಗ ಹಿರಿಯರೊಬ್ಬರು ಹೇಳಿದರು: "ಅಪ್ಪಾ, ಗ್ಯಾಸಿನ ದುಡ್ಡನ್ನೂ ಮೊದಲು ಖಾತೆಗೆ ಹಾಕ್ತೀವಿ ಅಂದ್ರು. ಆಮೇಲೆ ನಿಂತೇ ಹೋಯ್ತಲ್ಲ?" ಈ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಅಡುಗೆ ಅನಿಲದ ಸಹಾಯಧನ 2020ರಿಂದೀಚೆಗೆ ಸಾಮಾನ್ಯ ಮನೆಗಳಿಗೆ ಬಾರದೆ ಹೋದದ್ದು ಎಲ್ಲರೂ ಕಂಡದ್ದು. ತಂತಿಯಲ್ಲಿ ಬರುವ ಕರೆಂಟನ್ನು ನಿಲ್ಲಿಸಿದರೆ ದಂಗೆ ಏಳುತ್ತದೆ, ಖಾತೆಗೆ ಬರುವ ದುಡ್ಡು ಸದ್ದಿಲ್ಲದೆ ನಿಲ್ಲುತ್ತದೆ. ಆದ್ದರಿಂದ ಹಣವನ್ನು ಮುಂಗಡವಾಗಿ ಕೊಡಬೇಕು, ಎಷ್ಟೆಂಬುದನ್ನು ಕಾಯಿದೆಯಲ್ಲಿ ಬರೆಯಬೇಕು, ಸೇರುವುದು ಬಿಡುವುದು ರೈತನ ಇಷ್ಟಕ್ಕಿರಬೇಕು. ಇಷ್ಟಾದರೂ ಭಯ ಪೂರ್ತಿ ಹೋಗುವುದಿಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಈಗಿನ ದಾರಿಯ ಕೊನೆಯಲ್ಲಿ ಕರೆಂಟು ಇರುತ್ತದೆ, ಎತ್ತಲು ನೀರಿರುವುದಿಲ್ಲ. ಆ ಭಯ ಇದಕ್ಕಿಂತ ದೊಡ್ಡದು.

ಮನೆಯೊಡತಿಯ ಖಾತೆಗೆ ತಿಂಗಳಿಗೆ ಎರಡು ಸಾವಿರ ಹಾಕುವ ಗೃಹಲಕ್ಷ್ಮಿಯ ಬಗ್ಗೆ ತಾಯಂದಿರು ನನ್ನ ಅಭಿಪ್ರಾಯ ಕೇಳಬಹುದು. ಐದು ಗ್ಯಾರಂಟಿಗಳಿಗೆ ಸೇರಿ 2025-26ರಲ್ಲಿ ಸುಮಾರು 51,000 ಕೋಟಿ ಇಟ್ಟಿದ್ದರು. ಅಷ್ಟು ದೊಡ್ಡ ಖರ್ಚು, ಅದೂ ಸಾಲದ ವರ್ಷದಲ್ಲಿ, ತಡೆದೀತೆ ಎಂಬ ಅನುಮಾನ ನನಗಿದೆ. ಆದರೆ ಕೊಡುವುದೇ ಆದರೆ ಕೈಗೆ ಕಾಸು ಕೊಡುವುದು ಮೇಲು. ಮೇಕೆ ಕೊಳ್ಳಬೇಕೆ, ಮಗುವಿನ ಶಾಲೆಗೆ ಕಟ್ಟಬೇಕೆ ಎಂಬುದು ಆ ತಾಯಿಗೆ ಗೊತ್ತಿರುವಷ್ಟು ವಿಧಾನಸೌಧಕ್ಕೆ ಗೊತ್ತಿಲ್ಲ, ನನಗಂತೂ ಗೊತ್ತೇ ಇಲ್ಲ.

ನೀರಿನ ಮಾತು ಬಂದ ಮೇಲೆ ಎತ್ತಿನಹೊಳೆಯನ್ನು ಬಿಡುವ ಹಾಗಿಲ್ಲ. ಈ ಯೋಜನೆಗೆ 2012ರಲ್ಲಿ 8,323 ಕೋಟಿ ಎಂದರು. 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆಯಾದಾಗ ಅದು 12,912 ಕೋಟಿ. 2023ರಲ್ಲಿ 23,251 ಕೋಟಿ. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಕಡೆ ಮೊದಲನೆಯ ಹಂತಕ್ಕೆ ಚಾಲನೆ ಕೊಟ್ಟರು. ನೀರು ಬರಲಿ, ನಿಮ್ಮೊಡನೆ ನಾನೂ ಕಾಯುತ್ತೇನೆ. ಆದರೆ ಮನೆ ಕಟ್ಟುವ ಮೇಸ್ತ್ರಿ ಎಂಟು ಲಕ್ಷ ಎಂದು ಹೇಳಿ ಹತ್ತು ವರ್ಷದ ಮೇಲೆ ಇಪ್ಪತ್ತಮೂರು ಲಕ್ಷ ಕೇಳಿದರೆ ನಾವು ಅವನನ್ನು ಕೂರಿಸಿ ಲೆಕ್ಕ ಕೇಳುತ್ತಿದ್ದೆವು. ಇಲ್ಲಿ ಕೇಳಿದವರು ಎಷ್ಟು ಜನ? ದುಡ್ಡು ದೂರದಿಂದ ಬರುತ್ತದೆ ಎಂದುಕೊಂಡರೆ ಬಾಯಿ ತಾನಾಗಿ ಕಟ್ಟುತ್ತದೆ.

ತೆರಿಗೆಯೆಂದರೆ ಆಯವ್ಯಯದ ಪುಸ್ತಕದಲ್ಲಿ ಬರೆದದ್ದು ಮಾತ್ರವಲ್ಲ. ಮಾರುವ ದಾರಿಯನ್ನು ಮುಚ್ಚಿದರೂ ಅದು ರೈತನ ಜೇಬಿನಿಂದಲೇ ಹೋಗುತ್ತದೆ. 2025ರ ಜೂನ್‌ನಲ್ಲಿ ಮಾವಿನವರು ಅನುಭವಿಸಿದ್ದು ಇದೇ. ಶ್ರೀನಿವಾಸಪುರದ ಕಡೆಯ, ನಮ್ಮ ಕಡೆಯ ತೋತಾಪುರಿಗೆ ಚಿತ್ತೂರಿನ ತಿರುಳು ಕಾರ್ಖಾನೆಗಳೇ ದೊಡ್ಡ ಗಿರಾಕಿ. ಆ ವರ್ಷ ಆಂಧ್ರ ಸರ್ಕಾರ ತನ್ನ ರೈತರಿಗೆ ಕಿಲೋಗೆ 12 ರೂಪಾಯಿ ಎಂದು ಬೆಲೆ ಕಟ್ಟಿತು, ಅದರಲ್ಲಿ 4 ರೂಪಾಯಿ ಸರ್ಕಾರದ್ದು. ಪೇಟೆಯ ಬೆಲೆಗಿಂತ ಮೇಲೆ ಬೆಲೆ ಕಟ್ಟಿದ ಮೇಲೆ ಹೊರಗಿನ ಹಣ್ಣು ಒಳಗೆ ನುಗ್ಗದಂತೆ ಬಾಗಿಲು ಹಾಕಲೇಬೇಕಾಗುತ್ತದೆ. ಹೊರರಾಜ್ಯದ ತೋತಾಪುರಿ ಬರಕೂಡದೆಂದು ಚಿತ್ತೂರು ಜಿಲ್ಲಾಡಳಿತ ಆಜ್ಞೆ ಹೊರಡಿಸಿತು. ಲಾರಿಗಳು ಗಡಿಯಲ್ಲಿ ನಿಂತವು. ನಮ್ಮ ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಕಡೆಗೆ ಬೆಲೆ ಕುಸಿದದ್ದಕ್ಕೆ ಕ್ವಿಂಟಾಲಿಗೆ 1,616 ರೂಪಾಯಿಯ ಲೆಕ್ಕದಲ್ಲಿ ವ್ಯತ್ಯಾಸದ ಹಣ ತುಂಬಿಕೊಡಲು ಕೇಂದ್ರ ಒಪ್ಪಿತು. ಒಂದೇ ದೇಶದೊಳಗೆ, ಒಂದೇ ಹಣ್ಣಿಗೆ, ಒಂದು ಖಜಾನೆ ಬಾಗಿಲು ಹಾಕುವುದಕ್ಕೆ ಖರ್ಚು ಮಾಡಿತು, ಇನ್ನೊಂದು ಖಜಾನೆ ಗಾಯಕ್ಕೆ ಮುಲಾಮು ಹಚ್ಚುವುದಕ್ಕೆ ಖರ್ಚು ಮಾಡಿತು. ಎರಡನ್ನೂ ತುಂಬುವವರು ನಾವೇ.

ಆ ದಿನ ನಾವು ಚಿತ್ತೂರಿನವರನ್ನು ಬೈದೆವು. ಸರಿಯೇ. ಆದರೆ 2011ರ ಕೇಂದ್ರದ ಬಜೆಟ್ಟಿನಲ್ಲಿ ಹೊರದೇಶದ ಕಚ್ಚಾ ರೇಷ್ಮೆಯ ಮೇಲಿನ ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿ, ಗೂಡಿನ ಬೆಲೆ ಬಿದ್ದಾಗ, ಬಾಗಿಲು ಹಾಕಿ ಎಂದು ಕೂಗಿದವರು ನಾವು. 2013ರಲ್ಲಿ ಸುಂಕವನ್ನು 15ಕ್ಕೆ ಏರಿಸಿದರು. ಗೂಡು ಬೆಳೆದವನ ಸಂಕಟ ನನಗೆ ಗೊತ್ತು, ಒಂದೇ ಏಟಿಗೆ ಅಷ್ಟು ಇಳಿಸಿದ್ದು ನ್ಯಾಯವಲ್ಲ ಎಂಬುದೂ ನನ್ನ ಮತ. ಆದರೂ ಆ ಸುಂಕವನ್ನು ಕಟ್ಟುವವರು ಚೀನಾದವರಲ್ಲ, ನಮ್ಮ ನೇಕಾರರು ಎಂಬುದನ್ನೂ ನಾವು ನೆನಪಿನಲ್ಲಿಡಬೇಕು. ನಮಗೆ ನಿಜವಾದ ರಕ್ಷಣೆ ಕೊಟ್ಟದ್ದು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಒಂದು ಲಾಟಿಗೆ ನಾಲ್ಕು ಜನ ರೀಲರುಗಳು ಪೈಪೋಟಿಯಿಂದ ಕೂಗುವುದು. ಕೊಳ್ಳುವವನು ಒಬ್ಬನೇ ಆದರೆ ಅವನು ಹೇಳಿದ್ದೇ ಬೆಲೆ. ಅವನು ದಲಾಲಿಯಾದರೂ ಅಷ್ಟೆ, ಸರ್ಕಾರವಾದರೂ ಅಷ್ಟೆ.

ಈಗ ಹತ್ತಿರದ ಸರ್ಕಾರಕ್ಕೆ, ಅಂದರೆ ಗ್ರಾಮ ಪಂಚಾಯಿತಿಗೆ ಬರೋಣ. ನನಗೆ ಎಲ್ಲಕ್ಕಿಂತ ಹೆಚ್ಚಿನ ಭರವಸೆ ಇರುವುದು ಇಲ್ಲಿಯೇ.

ಹಿರಿಯರಿಗೆ ನೀರುಗಂಟಿಯ ನೆನಪಿರಬೇಕು. ಕೆರೆಯ ತೂಬು ಎತ್ತುವವನು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನು, ಕೋಡಿ ಕಾಯುವವನು. ಅವನಿಗೆ ಸಂಬಳ ಬೆಂಗಳೂರಿನಿಂದ ಬರುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದ ಹತ್ತಿರ ಬಂದರೆ ಪ್ರತಿಯೊಬ್ಬ ಗದ್ದೆಯವನೂ ಅವನ ಆಯವನ್ನು ಅಳೆದು ಕೊಡುತ್ತಿದ್ದನು. ಕಡೆಯ ಗದ್ದೆಗೆ ನೀರು ಮುಟ್ಟದಿದ್ದರೆ ಆ ಗದ್ದೆಯವನು ಕಣದಲ್ಲಿಯೇ ಕೇಳುತ್ತಿದ್ದನು. ಆ ಪದ್ಧತಿಯಲ್ಲಿ ಜಾತಿಯ ಕಟ್ಟು ಇತ್ತು, ಹುಟ್ಟಿದ ಮನೆಯಿಂದಲೇ ಒಬ್ಬನ ಕೆಲಸ ನಿಶ್ಚಯವಾಗುತ್ತಿತ್ತು. ಅದು ಹೋದದ್ದು ಒಳ್ಳೆಯದೇ. ಆದರೆ ಕೊಟ್ಟವನು ಕೇಳುತ್ತಾನೆ, ಪಡೆದವನು ಉತ್ತರ ಹೇಳುತ್ತಾನೆ ಎಂಬ ಕ್ರಮವೂ ಅದರ ಜೊತೆಗೇ ಹೋಯಿತು.

ಪಂಚಾಯಿತಿಗೆ ನಾವು ಕಟ್ಟುವ ಮನೆ ಕಂದಾಯ, ನೀರಿನ ಕರ ಎರಡೂ ನಮ್ಮ ಕೈಯಿಂದ ನೇರವಾಗಿ, ರಸೀದಿ ಪಡೆದು ಕಟ್ಟುವ ತೆರಿಗೆಗಳು. ವಿಚಿತ್ರವೆಂದರೆ ಬಾಕಿ ನಿಲ್ಲಿಸುವುದೂ ಅವನ್ನೇ. ಡೀಸೆಲಿನ ತೆರಿಗೆಯನ್ನು ತುಟಿ ಪಿಟಕ್ಕೆನ್ನದೆ ಕೊಟ್ಟು, ಬೀದಿ ದೀಪ ಹಾಕುವ ಪಂಚಾಯಿತಿಗೆ ಮುಂದಿನ ತಿಂಗಳು ಬಾ ಎನ್ನುತ್ತೇವೆ. ಸದಸ್ಯರೂ ಬಾಯಿ ಬಿಡುವುದಿಲ್ಲ, ಓಟಿನ ಭಯ. ಹೀಗೆ ಸ್ವಂತ ವರಮಾನ ಒಣಗಿದ ಮೇಲೆ ಪಂಚಾಯಿತಿ ಮೇಲಿನಿಂದ ಬರುವ ಅನುದಾನಕ್ಕೆ ಕೈ ಚಾಚುತ್ತದೆ. ಅನುದಾನ ಬರುವಾಗ ಹಗ್ಗ ಕಟ್ಟಿಕೊಂಡೇ ಬರುತ್ತದೆ. ಹದಿನೈದನೆಯ ಹಣಕಾಸು ಆಯೋಗದ ಅನುದಾನದಲ್ಲಿ 2021-22ರಿಂದ 2025-26ರವರೆಗೆ ನೂರರಲ್ಲಿ 60 ರೂಪಾಯಿಯನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕೆಂದು ಗೊತ್ತು ಮಾಡಿದ್ದರು. ಒಳ್ಳೆಯ ಬಾಬುಗಳೇ. ಆದರೆ ನಿಮ್ಮ ಊರಿಗೆ ಬೇಕಾದದ್ದು ಸಂತೆ ಮೈದಾನದ ಛಾವಣಿಯಾಗಿದ್ದರೆ, ಹೊಲಕ್ಕೆ ಹೋಗುವ ಬಂಡಿ ದಾರಿಯಾಗಿದ್ದರೆ, ಆ ಹಣ ಅದಕ್ಕೆ ಆಗಿಬರುವುದಿಲ್ಲ. ಸ್ವಂತ ಕಂದಾಯದ ಹಣಕ್ಕೆ ಮಾತ್ರ ಇಂಥ ಹಗ್ಗವಿಲ್ಲ. ಊರಿನವರು ಸೇರಿ ನಿಶ್ಚಯಿಸಿದರೆ ಅದರಲ್ಲಿ ದಾರಿಯೂ ಆದೀತು, ಛಾವಣಿಯೂ ಆದೀತು.

ಹಾಗೆಂದು ಕಣ್ಣು ಮುಚ್ಚಿ ಕಟ್ಟಿ ಎಂದು ನಾನು ಹೇಳುತ್ತಿಲ್ಲ. ಕಟ್ಟಿ, ಆಮೇಲೆ ಕೇಳಿ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂದು ಕಾಯಿದೆ ಇದೆ. ಅದಲ್ಲದೆ ಪಂಚಾಯಿತಿಯ ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದೆ ಬಿಚ್ಚಿಡುವ ಜಮಾಬಂದಿ ಎಂಬ ಕ್ರಮವಿದೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಅದು ನಡೆಯಬೇಕು. ಅಲ್ಲಿ ನಗದು ಪುಸ್ತಕ, ಓಚರು, ಕಾಮಗಾರಿಯ ಅಳತೆ ಪುಸ್ತಕ ಎಲ್ಲವನ್ನೂ ನೋಡುವ ಹಕ್ಕು ನಿಮಗುಂಟು. ಚರಂಡಿಯ ಉದ್ದ ಪುಸ್ತಕದಲ್ಲಿ ಎಷ್ಟಿದೆ, ಬೀದಿಯಲ್ಲಿ ಎಷ್ಟಿದೆ ಎಂದು ಟೇಪು ಹಿಡಿದು ಅಳೆಯುವುದಕ್ಕೆ ಓದು ಬರಹ ಸಹ ಬೇಕಾಗಿಲ್ಲ. ಹೆಚ್ಚಿನ ಕಡೆ ಈ ದಿನ ಐದಾರು ಜನ ಬಂದು, ಚಹಾ ಕುಡಿದು, ಸಹಿ ಹಾಕಿ ಹೋಗುತ್ತಾರೆ. ವಿಧಾನಸಭೆಯ ನಾಲ್ಕು ಲಕ್ಷ ಕೋಟಿಯ ಲೆಕ್ಕ ಕೇಳಲು ನಮ್ಮಿಂದ ಆಗದಿರಬಹುದು. ನಮ್ಮೂರಿನ ಕೆಲವು ಲಕ್ಷದ ಲೆಕ್ಕ ಕೇಳಲು ನಡೆದು ಹೋಗುವಷ್ಟೇ ದೂರ.

ಜಮಾಬಂದಿಯ ದಿನವನ್ನು ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಾಕುತ್ತಾರೆ. ಹಾಕದಿದ್ದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳನ್ನು ಕೇಳಿ, ಇಲ್ಲವೆ ನನಗೆ ತಿಳಿಸಿ. ಟೊಮ್ಯಾಟೊ ಬಿಡಿಸುವ ಕೆಲಸವಿದ್ದರೂ ಮನೆಗೆ ಒಬ್ಬರಂತೆ ಬನ್ನಿ, ಬರುವಾಗ ಹೋದ ವರ್ಷದ ಕಂದಾಯದ ರಸೀದಿಯನ್ನು ಜೊತೆಗೆ ತನ್ನಿ. ಅಳತೆಯ ಟೇಪು ನಾನು ತರುತ್ತೇನೆ.